ಬಾಣ ತೋರಿಸಿದ ಮುಂಬಯಿ



ನಮ್ಮ ತಂದೆ ಹದಿನಾಲ್ಕನೆಯ ವಯಸ್ಸಿನಲ್ಲಿ ಉಡುಪಿ ಕಡೆಯಿಂದ ಮುಂಬಯಿಗೆ ಹೊರಟಾಗ, ಅಜ್ಜ ಅವರ ಅಂಗಿಯ ಒಳಜೇಬಿನಲ್ಲಿ ಒಂದು ಚೀಟಿ ಇಟ್ಟು ಪಿನ್ನು ಚುಚ್ಚಿ ಕಳಿಸಿದ್ದರು. ಮುಂಬಯಿಯ ಕೋಟೆ ಪ್ರದೇಶದ ಹೋಟೆಲೊಂದರಲ್ಲಿ ಕೆಲಸಕ್ಕಿದ್ದ ಸಂಬಂಧಿಕರು ಬರೆದು ಕಳಿಸಿದ ಚೀಟಿ ಅದು. ‘ಬೋರಿಬಂದರದಲ್ಲಿ ಇಳಿದು ಹೊರಗೆ ಬಾ. ಟ್ರಾಮಿನ ಹಳಿ ದಾಟು. ಸ್ಟೇಶನ್ನಿನ ಗಡಿಯಾರ ಬೆನ್ನಿಗಿರಲಿ. ಇರಾನಿ ಹೋಟೆಲಿನ ಎದುರಿನ ಗಲ್ಲಿ, ಮೂರನೆಯ ಬಾಗಿಲು. ಯಾರಾದರೂ ತಡೆದರೆ ನಮ್ಮೂರ ಹೆಸರು ಹೇಳು.’ ಇಷ್ಟೇ ಒಕ್ಕಣೆ. ಮರಾಠಿ, ಹಿಂದಿ ಎರಡೂ ಬಾರದ ಹುಡುಗ ಈ ಐದು ವಾಕ್ಯಗಳನ್ನು ನಂಬಿ ಮೂರನೆಯ ಬಾಗಿಲು ಮುಟ್ಟಿದರು. ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಕನ್ನಡ ಶಾಲೆಯಲ್ಲಿ ಓದಿದರು. ಮಾಸಿದ ಆ ಚೀಟಿ ಇಂದಿಗೂ ನಮ್ಮ ಮನೆಯಲ್ಲಿದೆ.

ಇಂದು ನಾನು ಮಾತಾಡಬೇಕೆಂದಿರುವುದು ಅಂಥ ಚೀಟಿಯ ಈ ಕಾಲದ ರೂಪದ ಬಗ್ಗೆ. ಅದರಲ್ಲಿ ಹಳಿಯಿಲ್ಲ, ಗಲ್ಲಿಯಿಲ್ಲ, ಇರಾನಿ ಹೋಟೆಲೂ ಇಲ್ಲ. ಎರಡು ಅಂಕಿಗಳಷ್ಟೇ ಇರುತ್ತವೆ: ಒಂದು ಅಕ್ಷಾಂಶ, ಇನ್ನೊಂದು ರೇಖಾಂಶ. ಆ ಅಂಕಿಗಳನ್ನು ಕೈಯಲ್ಲಿರುವ ಜಿಪಿಎಸ್ ಸಾಧನಕ್ಕೋ ಫೋನಿಗೋ ಕೊಟ್ಟರೆ ಪರದೆಯ ಮೇಲೆ ಒಂದು ಬಾಣ ಮೂಡುತ್ತದೆ. ಅದರ ಪಕ್ಕದಲ್ಲಿ ದೂರ ಎಷ್ಟೆಂದು ಕಾಣುತ್ತದೆ. ಬಾಣ ಹಿಡಿದು ನಡೆದು, ಅಲ್ಲಿ ಯಾರೋ ಅಡಗಿಸಿಟ್ಟ ಪುಟ್ಟ ಡಬ್ಬಿಯನ್ನು ಹುಡುಕಿ, ಒಳಗಿನ ಪುಸ್ತಕದಲ್ಲಿ ಹೆಸರು ಬರೆದು, ಡಬ್ಬಿಯನ್ನು ಇದ್ದಲ್ಲೇ ಇಟ್ಟು ಬರುವ ಆಟಕ್ಕೆ ಜಿಯೋಕ್ಯಾಶಿಂಗ್ ಎಂದು ಹೆಸರು. ಜಗತ್ತಿನಾದ್ಯಂತ ಇಂಥ ಮೂವತ್ತು ಲಕ್ಷಕ್ಕೂ ಹೆಚ್ಚು ತಾಣಗಳಿವೆ.

ಆಟ ಹುಟ್ಟಿದ ದಿನ ನಿಖರವಾಗಿ ಗೊತ್ತಿದೆ. ಅಮೆರಿಕದ ಸೇನೆ ಕಟ್ಟಿದ ಜಿಪಿಎಸ್ ವ್ಯವಸ್ಥೆ ಸಾರ್ವಜನಿಕರಿಗೂ ಸಿಗುತ್ತಿತ್ತು, ಆದರೆ ಬೇಕೆಂದೇ ಮಸುಕು ಮಾಡಿ ಕೊಡುತ್ತಿದ್ದರು. ನೂರು ಮೀಟರಿನಷ್ಟು ತಪ್ಪು ಬರುತ್ತಿತ್ತು. ಕ್ಲಿಂಟನ್ ಸರ್ಕಾರದ ತೀರ್ಮಾನದಂತೆ 2000ದ ಮೇ 2ರಂದು ಆ ಮಸುಕನ್ನು ತೆಗೆದುಹಾಕಲಾಯಿತು. ತಪ್ಪು ಒಮ್ಮೆಲೇ ಹತ್ತಿಪ್ಪತ್ತು ಮೀಟರಿಗೆ ಇಳಿಯಿತು. ಮರುದಿನವೇ, ಮೇ 3ರಂದು, ಓರೆಗಾನ್ ರಾಜ್ಯದ ಡೇವ್ ಉಲ್ಮರ್ ಎಂಬ ಕಂಪ್ಯೂಟರ್ ಸಲಹೆಗಾರರು ಕಾಡಿನಂಚಿನಲ್ಲಿ ಒಂದು ಬಕೆಟ್ಟನ್ನು ಅರ್ಧ ಹೂತಿಟ್ಟರು. ಒಳಗೆ ಪುಸ್ತಕ, ವೀಡಿಯೋ, ಕವಣೆ, ಒಂದು ಡಬ್ಬಿ ಬೇಯಿಸಿದ ಕಾಳು, ಬರೆಯಲು ನೋಟುಪುಸ್ತಕ ಮತ್ತು ಪೆನ್ಸಿಲ್ ಇದ್ದವು. ಜಾಗದ ಅಂಕಿಗಳನ್ನು ಅಂತರ್ಜಾಲದಲ್ಲಿ ಬರೆದು, ಏನಾದರೂ ತೆಗೆದುಕೊಳ್ಳಿ, ಏನಾದರೂ ಬಿಟ್ಟುಹೋಗಿ ಎಂದರು. ಮೂರು ದಿನದೊಳಗೆ ಮೈಕ್ ಟೀಗ್ ಎಂಬವರು ಅದನ್ನು ಹುಡುಕಿದರು. ಆ ತಿಂಗಳ ಕೊನೆಗೆ ಆಟಕ್ಕೆ ಹೆಸರೂ ಬಂತು.

ಈ ಆಟ ಮುಂಬಯಿಗೆ ಯಾಕೆ ಬೇಕು ಎಂದು ನೀವು ಕೇಳಬಹುದು. ಉತ್ತರ ಹೇಳುವ ಮೊದಲು ನಮ್ಮ ಊರಿನ ಸ್ವಭಾವದ ಒಂದು ಮಾತು. ಎಲ್ಲಿರುತ್ತೀರಿ ಎಂದು ಕೇಳಿದರೆ ಮುಂಬಯಿಯವರು ಸ್ಟೇಶನ್ನಿನ ಹೆಸರು ಹೇಳುತ್ತಾರೆ. ಅದರ ಹಿಂದೆಯೇ ಈಸ್ಟೋ ವೆಸ್ಟೋ ಎಂಬುದು ಬರುತ್ತದೆ. ಅಲ್ಲಿಗೆ ವಿಳಾಸ ಮುಗಿಯಿತು. 1853ರ ಏಪ್ರಿಲ್ 16ರಂದು ಬೋರಿಬಂದರದಿಂದ ಠಾಣೆಗೆ ಮೊದಲ ರೈಲು ಓಡಿತು. ಅಂದಿನಿಂದ ಈ ಊರು ನಮಗೆ ಒಂದು ಗೆರೆಯಾಗಿ ಬೆಳೆದಿದೆ. ವೆಸ್ಟರ್ನ್ ಒಂದು ಗೆರೆ, ಸೆಂಟ್ರಲ್ ಒಂದು ಗೆರೆ, ಹಾರ್ಬರ್ ಇನ್ನೊಂದು. ಗೆರೆಯ ಮೇಲಿನ ನಿಲ್ದಾಣಗಳನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಒಪ್ಪಿಸುತ್ತೇವೆ. ಗೆರೆಗಳ ನಡುವಿನ ನೆಲ ಮಾತ್ರ ನಮಗೆ ತಿಳಿಯದು.

ನಾನಿರುವುದು ಮುಲುಂಡಿನಲ್ಲಿ. ನನ್ನ ತಂಗಿಯ ಮನೆ ಬೋರಿವಲಿಯಲ್ಲಿ. ಅವಳ ಮನೆಗೆ ಹೋಗಬೇಕೆಂದರೆ ದಾದರಿಗೆ ಬಂದು, ಸೇತುವೆ ಹತ್ತಿ ಇಳಿದು, ಇನ್ನೊಂದು ಲೋಕಲ್ ಹಿಡಿಯುತ್ತಿದ್ದೆ. ಒಟ್ಟು 45 ಕಿಲೋಮೀಟರಿನ ಆಸುಪಾಸು. ಒಂದು ದಿನ ಮಗಳು ನನ್ನ ಫೋನಿನಲ್ಲಿ ಚಿಕ್ಕಮ್ಮನ ಮನೆಯನ್ನು ಗುರುತು ಹಾಕಿ, ರಸ್ತೆಯ ಬದಲು ನೇರ ಗೆರೆ ಎಂಬುದನ್ನು ಒತ್ತಿದಳು. ಬಾಣ ಪಶ್ಚಿಮದ ಗುಡ್ಡದತ್ತ ತಿರುಗಿತು. ದೂರ ಸುಮಾರು 12 ಕಿಲೋಮೀಟರ್. ಬಾಲ್ಕನಿಯಲ್ಲಿ ನಿಂತು ಆ ಗುಡ್ಡವನ್ನು ವರ್ಷಾನುಗಟ್ಟಲೆ ನೋಡಿದ್ದೆ. ತಂಗಿಯ ಮನೆ ಅದರ ಆಚೆ ಬದಿಯಲ್ಲಿದೆ ಎಂಬುದು ಆವತ್ತು ನನಗೆ ಹೊಳೆಯಿತು. ಜಿಯೋಕ್ಯಾಶಿಂಗ್ ಮುಂಬಯಿಗೆ ಬೇಕು ಎಂದು ನಾನು ಹೇಳುವುದು ಇದಕ್ಕಾಗಿ. ಬಾಣಕ್ಕೆ ರೈಲಿನ ಗೆರೆ ಕಾಣುವುದಿಲ್ಲ. ಅದು ನೆಲವನ್ನು ತೋರಿಸುತ್ತದೆ.

ಈ ಬಾಣ ಹೇಗೆ ಕೆಲಸ ಮಾಡುತ್ತದೆ? ಕೇಳುಗರೇ, ನನ್ನ ದನಿ ಈಗ ನಿಮ್ಮನ್ನು ಮುಟ್ಟುತ್ತಿರುವುದು ರೇಡಿಯೋ ಅಲೆಯ ಮೇಲೆ. ಕೈಯಲ್ಲಿ ಹಿಡಿಯುವ ಜಿಪಿಎಸ್ಸೂ ಅಪ್ಪಟ ರೇಡಿಯೋವೇ. ಅದು ಕೇಳುತ್ತದೆ, ಮಾತಾಡುವುದಿಲ್ಲ. ಭೂಮಿಯಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಎರಡು ಡಜನಿಗೂ ಹೆಚ್ಚು ಉಪಗ್ರಹಗಳು ಸುತ್ತುತ್ತಿವೆ. ಪ್ರತಿಯೊಂದೂ ಎಡೆಬಿಡದೆ ಒಂದೇ ಸುದ್ದಿ ಹೇಳುತ್ತಿರುತ್ತದೆ: ನಾನು ಇಂಥ ಉಪಗ್ರಹ, ಇಂಥ ಜಾಗದಲ್ಲಿದ್ದೇನೆ, ಈಗ ಸಮಯ ಇಷ್ಟು. ಆ ಸುದ್ದಿ ನಮ್ಮ ಅಂಗೈಗೆ ಇಳಿಯಲು ಸೆಕೆಂಡಿನ ಹದಿನೈದನೆಯ ಒಂದು ಪಾಲಿನಷ್ಟು ಹೊತ್ತು ಹಿಡಿಯುತ್ತದೆ. ಎಷ್ಟು ತಡವಾಗಿ ಬಂತು ಎಂಬುದರಿಂದ ಎಷ್ಟು ದೂರದಿಂದ ಬಂತು ಎಂದು ಲೆಕ್ಕ ಸಿಗುತ್ತದೆ. ಸಾಧನದೊಳಗಿನ ಅಗ್ಗದ ಗಡಿಯಾರದ ತಪ್ಪನ್ನೂ ತಿದ್ದಿಕೊಳ್ಳಬೇಕಾದ್ದರಿಂದ ಕನಿಷ್ಠ ನಾಲ್ಕು ಉಪಗ್ರಹಗಳ ದನಿ ಬೇಕು. ಲಕ್ಷ ಜನ ಒಟ್ಟಿಗೆ ಕೇಳಿದರೂ ಉಪಗ್ರಹಕ್ಕೆ ಭಾರವಿಲ್ಲ, ಈ ಭಾಷಣವನ್ನು ಎಷ್ಟು ಮನೆಗಳಲ್ಲಿ ಕೇಳಿದರೂ ನಿಲಯಕ್ಕೆ ಭಾರವಿಲ್ಲದ ಹಾಗೆ. 1935ರಲ್ಲಿ ಮೈಸೂರಿನ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಆರಂಭಿಸಿದ ಪ್ರಸಾರಕ್ಕೆ ಆಕಾಶವಾಣಿ ಎಂಬ ಹೆಸರು ಬಂತು. ಆಕಾಶದಿಂದಲೇ ಇಳಿಯುವ ಈ ವಾಣಿಗೂ ಆ ಹೆಸರು ಚೆನ್ನಾಗಿ ಒಪ್ಪುತ್ತದೆ.

ಎಲ್ಲವೂ ನಿಂತಿರುವುದು ಗಡಿಯಾರದ ಮೇಲೆ. ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲು ತಪ್ಪಿದರೆ ನೆಲದಲ್ಲಿ 300 ಮೀಟರ್ ತಪ್ಪುತ್ತದೆ. ಆದ್ದರಿಂದ ಉಪಗ್ರಹಗಳಲ್ಲಿ ಪರಮಾಣು ಗಡಿಯಾರಗಳಿವೆ. ವೇಗ ಮತ್ತು ಎತ್ತರದಿಂದಾಗಿ ಆ ಗಡಿಯಾರಗಳು ನಮ್ಮವಕ್ಕಿಂತ ದಿನಕ್ಕೆ 38 ಮೈಕ್ರೋಸೆಕೆಂಡ್ ಮುಂದೆ ಓಡುತ್ತವೆ. ಐನ್‌ಸ್ಟೈನರ ಸಾಪೇಕ್ಷತೆಯ ಲೆಕ್ಕದಿಂದ ಅದನ್ನು ಸರಿಪಡಿಸದಿದ್ದರೆ ಒಂದೇ ದಿನದಲ್ಲಿ ಹತ್ತು ಕಿಲೋಮೀಟರಿಗೂ ಹೆಚ್ಚು ದಾರಿ ತಪ್ಪುತ್ತಿತ್ತು.

ಸಮಯವೇ ಸ್ಥಳ ಎಂಬ ಪಾಠ ಮುಂಬಯಿಗೆ ಹೊಸದಲ್ಲ. ಭೂಮಿ ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷ ಬೇಕು. ಗ್ರೀನಿಚ್ಚಿನಿಂದ ಸುಮಾರು 72.8 ಡಿಗ್ರಿ ಪೂರ್ವಕ್ಕಿರುವ ನಮ್ಮ ಊರು ಅದರ ಪ್ರಕಾರ 4 ಗಂಟೆ 51 ನಿಮಿಷ ಮುಂದಿದೆ. 1826ರಲ್ಲಿ ಸ್ಥಾಪನೆಯಾದ ಕೊಲಾಬಾ ವೀಕ್ಷಣಾಲಯ ಲೆಕ್ಕ ಹಾಕಿ ಕೊಟ್ಟ ಇದೇ ‘ಬಾಂಬೆ ಟೈಮ್’ ಪ್ರಕಾರ ಊರು ನಡೆಯುತ್ತಿತ್ತು. 1906ರಲ್ಲಿ ದೇಶಕ್ಕೆಲ್ಲ ಒಂದೇ ಸಮಯ ಬಂದ ಮೇಲೂ ಮುಂಬಯಿಯ ಪುರಸಭೆ 39 ನಿಮಿಷ ಹಿಂದಿನ ತನ್ನ ಗಡಿಯಾರವನ್ನು ದಶಕಗಳ ಕಾಲ ಬಿಟ್ಟುಕೊಡಲಿಲ್ಲ. ತನ್ನ ನೆಲದ ಗುರುತನ್ನು ಈ ಊರು ಗಡಿಯಾರದ ಮುಳ್ಳಿನಲ್ಲಿ ಹಿಡಿದುಕೊಂಡಿತ್ತು.

ಇನ್ನು ಅಂಕಿಗಳನ್ನು ಓದುವ ಬಗೆ. ಹೊಸಬರು ಹೆಚ್ಚು ಎಡವುವುದು ಇಲ್ಲೇ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಅಂಧೇರಿ ಪಶ್ಚಿಮದಲ್ಲಿ ಗಿಲ್ಬರ್ಟ್ ಹಿಲ್ ಎಂಬ ಕಲ್ಲಿನ ಗುಡ್ಡವಿದೆ. ಅದರ ನೆಲೆ ಸುಮಾರು 19 ಡಿಗ್ರಿ 07.25 ನಿಮಿಷ ಉತ್ತರ, 72 ಡಿಗ್ರಿ 50.40 ನಿಮಿಷ ಪೂರ್ವ. ಒಂದು ಡಿಗ್ರಿಗೆ ಅರುವತ್ತು ನಿಮಿಷ. ಜಿಯೋಕ್ಯಾಶಿಂಗಿನಲ್ಲಿ ಅಂಕಿಗಳನ್ನು ಬರೆಯುವುದು ಹೀಗೆ, ಡಿಗ್ರಿ ಮತ್ತು ನಿಮಿಷಗಳಲ್ಲಿ. ಫೋನಿನ ಸಾಮಾನ್ಯ ನಕ್ಷೆಗಳು ಡಿಗ್ರಿಯನ್ನೇ ದಶಮಾಂಶದಲ್ಲಿ ತೋರಿಸುತ್ತವೆ. ಅಲ್ಲಿ ಇದೇ ಜಾಗ 19.1208 ಮತ್ತು 72.8400 ಆಗುತ್ತದೆ. ನಾನು ಮೊದಲ ಸಲ ಅವಸರದಲ್ಲಿ ನಿಮಿಷವನ್ನೇ ದಶಮಾಂಶವೆಂದು ತಿಳಿದು 19.0725, 72.5040 ಎಂದು ಒತ್ತಿದೆ. ಬಾಣ ವರ್ಸೋವಾ ದಾಟಿ, 35 ಕಿಲೋಮೀಟರ್ ಆಚೆ, ಅರಬ್ಬಿ ಸಮುದ್ರದ ನಡುವೆ ಗುರಿಯಿಟ್ಟಿತು. ಸಾಧನದ ಸೆಟ್ಟಿಂಗಿನಲ್ಲಿ ಯಾವ ಬರಹಕ್ರಮ ಇದೆ ಎಂದು ಮೊದಲು ನೋಡಿಕೊಳ್ಳಿ. ಹಾಗೆಯೇ ಡೇಟಮ್ ಎಂಬ ಕಡೆ ಡಬ್ಲ್ಯುಜಿಎಸ್ 84 ಎಂದಿರಬೇಕು. ಸರ್ವೆ ಆಫ್ ಇಂಡಿಯಾದ ಹಳೆಯ ನಕ್ಷೆಗಳು ಎವರೆಸ್ಟ್ ಎಂಬ ಬೇರೆ ಆಧಾರದ ಮೇಲೆ ನಿಂತವು. ಅವುಗಳಿಂದ ಅಂಕಿ ಎತ್ತಿಕೊಂಡರೆ ಮುಂಬಯಿಯಲ್ಲಿ ಸುಮಾರು ನೂರು ಮೀಟರ್ ಆಚೀಚೆಯಾಗುತ್ತದೆ.

ಅಂಕಿ ಸರಿಯಾದರೆ ಅದರ ಸೂಕ್ಷ್ಮತೆ ನೋಡಿ. ನಮ್ಮ ಅಕ್ಷಾಂಶದಲ್ಲಿ ಒಂದು ನಿಮಿಷವೆಂದರೆ ಉತ್ತರ ದಕ್ಷಿಣವಾಗಿ ಸುಮಾರು 1,845 ಮೀಟರ್. ನಿಮಿಷದ ಸಾವಿರದ ಒಂದು ಪಾಲು ಎರಡು ಮೀಟರಿಗೂ ಕಡಿಮೆ. ಅಂದರೆ ಮೂರು ದಶಮಾಂಶ ಬರೆದರೆ ನಿಮ್ಮ ಮನೆಯ ಯಾವ ಕಿಟಕಿ ಎಂದು ಹೇಳಿದ ಹಾಗೆ.

ಹೊರಡುವ ಮೊದಲು ಮನೆಯಲ್ಲೇ ಮಾಡಿಕೊಳ್ಳಬೇಕಾದ ತಯಾರಿ ಕೆಲವಿದೆ. ಗುರಿಯ ಅಂಕಿಗಳು ಜಿಪಿಎಕ್ಸ್ ಎಂಬ ಕಡತದಲ್ಲಿ ಸಿಗುತ್ತವೆ. 2002ರಲ್ಲಿ ರೂಪುಗೊಂಡ ಈ ಕ್ರಮವನ್ನು ಬಹುತೇಕ ಎಲ್ಲ ಸಾಧನಗಳೂ ಓದುತ್ತವೆ. ಆ ದಿನಗಳಲ್ಲಿ ಅಂಗೈಯಗಲದ ಕಂಪ್ಯೂಟರಿಗೆ ಬೇರೆಯೇ ಒಂದು ಜಿಪಿಎಸ್ ಗ್ರಾಹಕವನ್ನು ಸಿಕ್ಕಿಸಿ ಜನ ಹೊರಡುತ್ತಿದ್ದರು. ಈಗ ಎರಡೂ ಫೋನಿನಲ್ಲೇ ಸೇರಿವೆ. 2004ರಲ್ಲಿ ಶುರುವಾದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬುದು ಜನರೇ ಕೂಡಿ ಬರೆಯುತ್ತಿರುವ ನಕ್ಷೆ. ಅದರಲ್ಲಿ ಮುಂಬಯಿಯ ಭಾಗವನ್ನು ಮೊದಲೇ ಇಳಿಸಿಕೊಳ್ಳಿ. ಗುಡ್ಡದ ಮರೆಯಲ್ಲಿ ಫೋನಿನ ಸಿಗ್ನಲ್ ಹೋದರೂ ಉಪಗ್ರಹದ ದನಿ ಹೋಗುವುದಿಲ್ಲ, ನಕ್ಷೆಯೂ ಜೊತೆಗಿರುತ್ತದೆ. ಬ್ಯಾಟರಿ ತುಂಬಿಸಿಕೊಳ್ಳಿ, ಪರದೆಯ ಬೆಳಕು ತಗ್ಗಿಸಿ.

ಬಯಲಿಗೆ ಬಂದು ಸಾಧನ ತೆರೆದು ಒಂದು ನಿಮಿಷ ನಿಲ್ಲಿ. ಉಪಗ್ರಹ ತಾನೆಲ್ಲಿದ್ದೇನೆ ಎಂಬ ವಿವರವನ್ನು ಸೆಕೆಂಡಿಗೆ ಬರೀ 50 ಬಿಟ್ ವೇಗದಲ್ಲಿ ಹೇಳುತ್ತದೆ. ಅದನ್ನು ಪೂರ್ತಿ ಕೇಳಲು ಅರ್ಧ ನಿಮಿಷ ಬೇಕು. ಫೋನಿಗೆ ಮೊಬೈಲ್ ಗೋಪುರಗಳ ನೆರವು ಇರುವುದರಿಂದ ಅದು ಬೇಗ ಸಿದ್ಧವಾಗುತ್ತದೆ. ನೆರವು ಸಿಗದ ಕಡೆ ಅದಕ್ಕೂ ತಾಳ್ಮೆ ಬೇಕು. ನಾರಿಮನ್ ಪಾಯಿಂಟಿನಲ್ಲೋ ಲೋವರ್ ಪರೇಲಿನಲ್ಲೋ ಎತ್ತರದ ಕಟ್ಟಡಗಳ ಗಾಜಿಗೆ ಬಡಿದು ಸುತ್ತಿ ಬರುವ ಅಲೆಗಳು ದೂರದ ಲೆಕ್ಕ ಕೆಡಿಸುತ್ತವೆ. ನೀವು ನಿಂತಿರುವುದು ಫುಟ್‌ಪಾತಿನಲ್ಲಿ, ಚುಕ್ಕೆ ತೋರಿಸುವುದು ರಸ್ತೆಯ ಆಚೆಯನ್ನು. ಅಂಥ ಕಡೆ ಆಕಾಶ ಅಗಲವಾಗಿ ಕಾಣುವ ಮೂಲೆಗೆ ಸರಿದು ನೋಡಬೇಕು. ಮಳೆಗೆ ಈ ಅಲೆಗಳು ಹೆದರುವುದಿಲ್ಲ. ತೊಯ್ದ ದಟ್ಟ ಎಲೆಗಳ ಕೆಳಗೆ ಮಾತ್ರ ದನಿ ಸಣ್ಣಗಾಗುತ್ತದೆ.

ಬಾಣದ ಒಂದು ಗುಟ್ಟು ತಿಳಿದಿರಲಿ. ನಡೆಯುವಾಗ ಸಾಧನ ನಿಮ್ಮ ಹೆಜ್ಜೆಯಿಂದ ದಿಕ್ಕು ತಿಳಿಯುತ್ತದೆ. ನಿಂತಾಗ ಒಳಗಿನ ಪುಟ್ಟ ದಿಕ್ಸೂಚಿಯನ್ನು ನಂಬುತ್ತದೆ. ಕಬ್ಬಿಣದ ಸೇತುವೆ, ರೈಲಿನ ತಂತಿ, ನಿಂತ ಕಾರು, ಎಲ್ಲವೂ ಅದನ್ನು ಎಳೆಯುತ್ತವೆ. ಇದಕ್ಕೂ ಕೊಲಾಬಾದಲ್ಲಿ ಒಂದು ಕತೆಯಿದೆ. ಅಲ್ಲಿ 1841ರಿಂದ ಭೂಮಿಯ ಕಾಂತಶಕ್ತಿಯನ್ನು ಅಳೆಯುತ್ತಿದ್ದರು. ಮುಂಬಯಿಯ ಟ್ರಾಮ್‌ಗಳನ್ನು ವಿದ್ಯುತ್ತಿನಿಂದ ಓಡಿಸುವ ಯೋಜನೆ ಬಂದಾಗ ಸೂಜಿಗಳು ಕದಲುತ್ತವೆಂದು ಆ ಕೆಲಸವನ್ನೇ 1904ರಲ್ಲಿ ಸಮುದ್ರದಾಚೆಯ ಅಲಿಬಾಗಿಗೆ ಸಾಗಿಸಿದರು. ವೀಕ್ಷಣಾಲಯವೇ ಊರು ಬಿಡಬೇಕಾಯಿತೆಂದರೆ ಫೋನಿನೊಳಗಿನ ಸೂಜಿಯ ಪಾಡು ನೀವೇ ಊಹಿಸಿ. ಸಂಶಯ ಬಂದರೆ ಇಪ್ಪತ್ತು ಹೆಜ್ಜೆ ನೇರ ನಡೆಯಿರಿ, ಬಾಣ ಸರಿಯಾಗುತ್ತದೆ.

ಹೀಗೆ ಅಂಧೇರಿ ಸ್ಟೇಶನ್ನಿನಿಂದ ಪಶ್ಚಿಮಕ್ಕೆ ನಡೆದು, ಕಟ್ಟಡಗಳ ಸಂದಿಯಲ್ಲಿ ತಿರುಗಿದರೆ, ಎದುರಿಗೆ ಕಪ್ಪು ಕಲ್ಲಿನ ಕಂಬವೊಂದು ಎದ್ದು ನಿಲ್ಲುತ್ತದೆ. ಎತ್ತರ ಸುಮಾರು 61 ಮೀಟರ್, ವಯಸ್ಸು ಸುಮಾರು ಆರೂವರೆ ಕೋಟಿ ವರ್ಷ. ದಖ್ಖನನ್ನೆಲ್ಲ ಹೊದಿಸಿದ ಲಾವಾರಸ ತಣ್ಣಗಾಗುವಾಗ ಬಿರಿದು ಹೀಗೆ ಕಂಬಗಳಾಯಿತು. ಮಲ್ಪೆಯವರು ತಮ್ಮ ಸೇಂಟ್ ಮೇರಿಸ್ ದ್ವೀಪದ ಕಲ್ಲುಗಳನ್ನು ನೆನೆಯಬಹುದು. ಅವು ಇದಕ್ಕಿಂತಲೂ ಹಳೆಯ ಬೇರೊಂದು ಲಾವಾದವು. ಮೆಟ್ಟಿಲು ಹತ್ತಿದರೆ ಮೇಲೆ ಗಾವ್‌ದೇವಿಯ ಗುಡಿ. ಅಂಧೇರಿಯಿಂದ ನಿತ್ಯ ಲೋಕಲ್ ಹತ್ತುವ ಎಷ್ಟೋ ಮಂದಿ ಇದನ್ನು ಕಂಡಿಲ್ಲ, ಗೆರೆಯಿಂದ ಇದು ಅಷ್ಟೊಂದು ದೂರವೂ ಅಲ್ಲ.

ಅಲ್ಲಿ ಡಬ್ಬಿ ಬೇಡ. ಇದನ್ನು ನಾನು ಒತ್ತಿ ಹೇಳುತ್ತೇನೆ. 1993ರ ಮಾರ್ಚ್, 2006ರ ಜುಲೈ, 2008ರ ನವೆಂಬರಿನ ಭಯೋತ್ಪಾದಕ ದಾಳಿಗಳನ್ನು ಕಂಡ ಊರು ನಮ್ಮದು. ವಾರಸುದಾರರಿಲ್ಲದ ವಸ್ತುವನ್ನು ಮುಟ್ಟಬೇಡಿ ಎಂಬ ಘೋಷಣೆ ನಮ್ಮ ಸ್ಟೇಶನ್ನುಗಳಲ್ಲಿ ಪ್ರತಿದಿನ ಕೇಳುತ್ತದೆ. ಸೇತುವೆಯ ಕಂಬಿಯ ಕೆಳಗೆ, ಸ್ಮಾರಕದ ಸಂದಿಯಲ್ಲಿ ಡಬ್ಬಿ ಅಂಟಿಸುವುದು ಬೇರೆ ದೇಶದಲ್ಲಿ ಆಟವಾಗಿರಬಹುದು. ಇಲ್ಲಿ ಅದು ಒಬ್ಬ ಪೊಲೀಸಿನವನ ಎದೆಬಡಿತ ಏರಿಸುತ್ತದೆ, ನೂರು ಜನರನ್ನು ಓಡಿಸುತ್ತದೆ. ಇನ್ನೊಂದು ಎಚ್ಚರಿಕೆ. ಬರೀ ಕೇಳುವ ಜಿಪಿಎಸ್ ಸಾಧನಕ್ಕೆ ತೊಂದರೆಯಿಲ್ಲ. ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನವನ್ನು ಅನುಮತಿಯಿಲ್ಲದೆ ಬಳಸುವುದು ನಮ್ಮ ದೇಶದಲ್ಲಿ ಅಪರಾಧ. ವಿದೇಶದಿಂದ ಬರುವ ಮಕ್ಕಳು ಮೊಮ್ಮಕ್ಕಳು ಅಂಥದ್ದನ್ನು ತರದಂತೆ ಮೊದಲೇ ಹೇಳಿಡಿ.

ಡಬ್ಬಿಯಿಲ್ಲದ ಜಿಯೋಕ್ಯಾಶಿಂಗಿಗೆ ಮನ್ನಣೆಯ ದಾರಿಯೇ ಇದೆ. ಅಮೆರಿಕದ ಜಿಯಾಲಾಜಿಕಲ್ ಸೊಸೈಟಿಯ ಜೊತೆಗೂಡಿ 2004ರಲ್ಲಿ ಅರ್ಥ್‌ಕ್ಯಾಶ್ ಎಂಬುದು ಶುರುವಾಯಿತು. ಅಲ್ಲಿ ಅಡಗಿಸುವುದೇನೂ ಇಲ್ಲ. ಭೂಮಿಯೇ ಇಟ್ಟ ವಿಶೇಷದ ಬಳಿ ಹೋಗಿ, ಕಣ್ಣಿಟ್ಟು ನೋಡಿದವರಿಗಷ್ಟೇ ಗೊತ್ತಾಗುವ ಪ್ರಶ್ನೆಗೆ ಉತ್ತರ ಬರೆಯಬೇಕು. ಮುಂಬಯಿಗೆ ಹೇಳಿ ಮಾಡಿಸಿದ ಕ್ರಮ ಇದು.

ಏಕೆಂದರೆ ಈ ಊರಿನಲ್ಲಿ ಅಡಗಿರುವುದು ಈಗಾಗಲೇ ಬೇಕಾದಷ್ಟಿದೆ. ಕೋಟೆ ಪ್ರದೇಶದಲ್ಲಿ 1718ರಲ್ಲಿ ಪ್ರಾರ್ಥನೆಗೆ ತೆರೆದ ಸೇಂಟ್ ಥಾಮಸ್ ಇಗರ್ಜಿಯಿದೆ. ಚರ್ಚ್‌ಗೇಟ್ ಎಂಬ ಹೆಸರು ಬಂದದ್ದು ಅದರಿಂದಲೇ. ಹತ್ತೊಂಬತ್ತನೆಯ ಶತಮಾನದಲ್ಲಿ ಅದನ್ನೇ ಸೊನ್ನೆಯೆಂದು ಹಿಡಿದು ಉತ್ತರದ ರಸ್ತೆಗಳುದ್ದಕ್ಕೂ ಮೈಲಿಗಲ್ಲುಗಳನ್ನು ನೆಟ್ಟರು. ಕಪ್ಪು ಕಲ್ಲಿನ ಮೇಲೆ ರೋಮನ್ ಅಂಕಿ, ಸೇಂಟ್ ಥಾಮಸ್ ಇಗರ್ಜಿಯಿಂದ ಇಷ್ಟು ಮೈಲಿ ಎಂಬ ಬರಹ. ಮುಂದೆ ರಸ್ತೆ ಎತ್ತರವಾದಂತೆ ಹಲವು ಕಲ್ಲುಗಳು ಫುಟ್‌ಪಾತಿನೊಳಗೆ ಹೂತುಹೋದವು. ಕಾಲ್ಬಾದೇವಿ, ಗೋವಾಲಿಯಾ ಟ್ಯಾಂಕ್, ಪರೇಲ್, ದಾದರ್ ಮೊದಲಾದ ಕಡೆ ಇಂಥ ಕಲ್ಲುಗಳು ಸಿಕ್ಕಿವೆ. ಕೆಲವನ್ನು ಮಹಾನಗರಪಾಲಿಕೆ ಮೇಲೆತ್ತಿ ನಿಲ್ಲಿಸಿದೆ. ನಾನು ಮತ್ತು ಮಗಳು ಭಾನುವಾರಗಳಂದು ಇವುಗಳನ್ನು ಹುಡುಕಿ ಹೊರಡುತ್ತೇವೆ. ಒಂದೊಂದು ಕಲ್ಲಿನ ಬಳಿ ನಿಂತು ಇಗರ್ಜಿಯತ್ತ ಬಾಣ ತಿರುಗಿಸಿ ದೂರ ನೋಡುತ್ತೇವೆ. ಕಲ್ಲಿನ ಲೆಕ್ಕಕ್ಕಿಂತ ಬಾಣದ ಲೆಕ್ಕ ಕಡಿಮೆಯಿರುತ್ತದೆ. ಕಲ್ಲು ಎತ್ತಿನಗಾಡಿ ತಿರುಗಿದ ದಾರಿಯನ್ನು ಎಣಿಸಿದೆ, ಬಾಣ ನೇರ ನೆಲವನ್ನು ಎಣಿಸುತ್ತದೆ. ಆ ಎರಡು ಅಂಕಿಗಳ ನಡುವಿನ ವ್ಯತ್ಯಾಸದಲ್ಲಿ ಹಳೆಯ ಬೊಂಬಾಯಿಯ ತಿರುವುಗಳೆಲ್ಲ ಇವೆ ಎಂದು ಮಗಳಿಗೆ ಹೇಳುತ್ತೇನೆ.

ದಾರಿ ಹೇಳುವ ಉಪಗ್ರಹಗಳು ಬೇರೆ ದೇಶದವಷ್ಟೇ ಅಲ್ಲ, ನಮ್ಮವೂ ಇವೆ. 2013ರ ಜುಲೈ 1ರಂದು ಇಸ್ರೋ ನಮ್ಮದೇ ಪಥದರ್ಶಕ ವ್ಯವಸ್ಥೆಯ ಮೊದಲ ಉಪಗ್ರಹವನ್ನು ಹಾರಿಸಿತು. ಏಳನೆಯದು 2016ರ ಏಪ್ರಿಲ್ 28ರಂದು ಮೇಲೇರಿದಾಗ ಅದಕ್ಕೆ ನಾವಿಕ್ ಎಂಬ ಹೆಸರು ಬಂತು. ಆಗ ಇಸ್ರೋದ ಅಧ್ಯಕ್ಷರಾಗಿದ್ದವರು ಹಾಸನ ಜಿಲ್ಲೆಯ ಎ.ಎಸ್. ಕಿರಣ್ ಕುಮಾರ್. ಇದರ ಪಥದರ್ಶಕ ಕೇಂದ್ರ ಬೆಂಗಳೂರಿನ ಹತ್ತಿರದ ಬ್ಯಾಲಾಳಿನಲ್ಲಿದೆ. ಮೊದಲ ಉಪಗ್ರಹದ ಪರಮಾಣು ಗಡಿಯಾರಗಳು ಕೆಟ್ಟಾಗ ಅದು ದಾರಿ ಹೇಳುವ ಕೆಲಸಕ್ಕೆ ಒದಗದಾಯಿತು. 2023ರ ಮೇ 29ರಂದು ಹಾರಿದ ಎನ್‌ವಿಎಸ್-01ರಲ್ಲಿ ದೇಶದಲ್ಲೇ ತಯಾರಾದ ರುಬಿಡಿಯಂ ಗಡಿಯಾರವಿದೆ. ಕೈಸಾಧನಗಳು ಸುಲಭವಾಗಿ ಹಿಡಿಯಬಲ್ಲ ಎಲ್1 ಅಲೆಯಲ್ಲೂ ಅದು ಮಾತಾಡುತ್ತದೆ. ಈಗಿನ ಅನೇಕ ಫೋನುಗಳು ಅದರ ದನಿಯನ್ನೂ ಕೇಳುತ್ತವೆ. ಮುಲುಂಡಿನ ನನ್ನ ಅಂಗಳದಲ್ಲಿ ನಿಂತು, ಬ್ಯಾಲಾಳಿನಿಂದ ನೋಡಿಕೊಳ್ಳುವ ಉಪಗ್ರಹದ ಸುದ್ದಿ ಕೇಳಿ ಹೆಜ್ಜೆಯಿಡುವುದೆಂದರೆ ನನಗೆ ಊರಿನವರೇ ಕೈಹಿಡಿದು ನಡೆಸಿದಂತೆ.

ಒಂದು ಮಳೆಗಾಲ ಕಳೆದ ಮೇಲೆ ನಾವು ಬಾಲ್ಕನಿಯ ಆ ಗುಡ್ಡವನ್ನೇ ಗುರಿ ಮಾಡಿಕೊಂಡೆವು. ಅದು ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನ, ನೂರು ಚದರ ಕಿಲೋಮೀಟರಿಗೂ ಮೀರಿದ ಕಾಡು. ನಡುವೆ ಕನ್ಹೇರಿ ಗುಹೆಗಳಿವೆ. ಚಿರತೆಗಳ ಕಾಡಾದ್ದರಿಂದ ಬಾಣ ಹೇಳಿದತ್ತ ಪೊದೆಗೆ ನುಗ್ಗುವಂತಿಲ್ಲ. ಬೋರಿವಲಿ ಬದಿಯ ಬಾಗಿಲಿನಿಂದ ಟಿಕೆಟು ಪಡೆದು, ಗೊತ್ತಾದ ದಾರಿಯಲ್ಲೇ ಹೋಗಬೇಕು. ತಂಗಿಯೂ ಜೊತೆಗೆ ಬಂದಳು. ನೂರಕ್ಕೂ ಹೆಚ್ಚು ಬೌದ್ಧ ಗುಹೆಗಳ ಆ ಗುಡ್ಡದಲ್ಲಿ ಒಂಬತ್ತನೆಯ ಶತಮಾನದ ಕೆಲವು ಶಾಸನಗಳಿವೆ. ಕ್ರಿ.ಶ. 853, 877ರ ಸುಮಾರಿನವು. ಭಿಕ್ಷುಗಳಿಗಾಗಿ ಕೊಟ್ಟ ದತ್ತಿಯ ಆ ಸಂಸ್ಕೃತ ಬರಹಗಳಲ್ಲಿ ಆಳುವ ದೊರೆಯೆಂದು ಬರೆದಿರುವುದು ರಾಷ್ಟ್ರಕೂಟ ಅಮೋಘವರ್ಷನ ಹೆಸರು. ಅವನ ಕೈಕೆಳಗೆ ಈ ಕೊಂಕಣವನ್ನು ನೋಡಿಕೊಂಡವರು ಶಿಲಾಹಾರರು. ಕವಿರಾಜಮಾರ್ಗ ಹುಟ್ಟಿದ ಆಸ್ಥಾನದ ಅರಸ, ಇಂದಿನ ಕಲಬುರಗಿ ಜಿಲ್ಲೆಯ ಮಾನ್ಯಖೇಟದಿಂದ ಆಳಿದವನು. ವೆಸ್ಟರ್ನ್ ಮತ್ತು ಸೆಂಟ್ರಲ್ ಎಂಬ ಎರಡು ಗೆರೆಗಳ ನಡುವೆ, ನನ್ನ ಮನೆಗೂ ತಂಗಿಯ ಮನೆಗೂ ಮಧ್ಯೆ, ಸಾವಿರದ ನೂರು ವರ್ಷಕ್ಕೂ ಹಿಂದೆ ಅವನ ಹೆಸರನ್ನು ಕಲ್ಲಿನಲ್ಲಿ ಬರೆದಿಟ್ಟಿದ್ದಾರೆ. ನಾವು ದಾದರಿನ ಸೇತುವೆ ಹತ್ತಿಳಿಯುತ್ತ ಅದನ್ನು ಇಷ್ಟು ಕಾಲ ಸುತ್ತು ಹಾಕುತ್ತಿದ್ದೆವು.

ಆವತ್ತು ಮಗಳು ಒಂದು ಮಾತು ಕೇಳಿದಳು: ‘ಅಜ್ಜನ ಚೀಟಿಯ ಬಾಗಿಲಿಗೆ ಅಂಕಿ ಹಾಕಿದ್ದೀಯಾ ಅಮ್ಮ?’ ಹಾಕಿರಲಿಲ್ಲ.

ಮುಂದಿನ ಭಾನುವಾರ ಚೀಟಿ ಹಿಡಿದು ಬೋರಿಬಂದರದಲ್ಲಿ ಇಳಿದೆವು. ಅದಕ್ಕೀಗ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ಎಂದು ಹೆಸರು. ಟ್ರಾಮಿನ ಹಳಿ 1964ಕ್ಕೇ ಹೋಯಿತು. ಗಡಿಯಾರ ಬೆನ್ನಿಗಿತ್ತು. ಇರಾನಿ ಹೋಟೆಲಿದ್ದ ಜಾಗದಲ್ಲಿ ಮೊಬೈಲ್ ಅಂಗಡಿಯಿತ್ತು. ಎದುರಿನ ಗಲ್ಲಿಯಲ್ಲಿ ಬಾಗಿಲು ಎಣಿಸಿದೆವು. ಮೂರನೆಯದು ಈಗ ಒಂದು ಗೋದಾಮು. ಅದರ ಮೆಟ್ಟಿಲ ಮೇಲೆ ಕುಳಿತಿದ್ದ ಹಿರಿಯರು ಏನು ಬೇಕು ಎಂದು ಹಿಂದಿಯಲ್ಲಿ ಕೇಳಿದರು. ನಾನು ಚೀಟಿಯ ಕೊನೆಯ ವಾಕ್ಯವನ್ನು ಪಾಲಿಸಿ ನಮ್ಮೂರ ಹೆಸರು ಹೇಳಿದೆ. ಅವರು ಎದ್ದು ನಿಂತು ತುಳುವಿನಲ್ಲಿ ಕುಳಿತುಕೊಳ್ಳಿ ಎಂದರು.

ಇಕ್ಕಟ್ಟಿನ ಗಲ್ಲಿಯಲ್ಲಿ ಆಕಾಶ ಒಂದು ಪಟ್ಟಿಯಷ್ಟೇ ಕಾಣುತ್ತಿತ್ತು. ಅಂಕಿ ನಿಲ್ಲಲು ಹೊತ್ತು ಹಿಡಿಯಿತು. ಹತ್ತು ನಿಮಿಷ ಫೋನನ್ನು ಮೆಟ್ಟಿಲ ಮೇಲಿಟ್ಟು, ಬಂದ ಅಂಕಿಗಳ ಸರಾಸರಿ ತೆಗೆದು, ಮಗಳು ಆ ಜಾಗವನ್ನು ಉಳಿಸಿದಳು. ಹೆಸರಿನ ಕಡೆ ‘ಮೂರನೆಯ ಬಾಗಿಲು’ ಎಂದು ಕನ್ನಡದಲ್ಲಿ ಬರೆದಳು.

ಮುಂಬಯಿಯ ಕನ್ನಡಿಗರಲ್ಲಿ ನನ್ನ ಕೋರಿಕೆ ಇಷ್ಟೇ. ನಿಮ್ಮ ಮನೆಗಳಲ್ಲೂ ಇಂಥ ಬಾಗಿಲುಗಳಿವೆ. ತಂದೆ ಓದಿದ ರಾತ್ರಿ ಶಾಲೆ, ಚಿಕ್ಕಪ್ಪಂದಿರು ಹತ್ತು ಜನ ಮಲಗುತ್ತಿದ್ದ ಖೋಲಿ, ಅಜ್ಜಿ ಮೊದಲು ಯಕ್ಷಗಾನ ನೋಡಿದ ಮೈದಾನ. 1926ರ ಮಾಟುಂಗದ ಮೈಸೂರು ಅಸೋಸಿಯೇಶನ್, 1933ರ ಮಾಹಿಮಿನ ಕರ್ನಾಟಕ ಸಂಘ, ವಡಾಲದ ಕನ್ನಡ ಶಾಲೆ, ಯಶವಂತ ಚಿತ್ತಾಲರು ಬದುಕಿದ ಬಾಂದ್ರಾದ ಕಡಲಂಚು, ಇವು ನಕ್ಷೆಯಲ್ಲಿ ಸಿಗುತ್ತವೆ. ಗೋದಾಮುಗಳಾದ ಬಾಗಿಲುಗಳು ಸಿಗುವುದಿಲ್ಲ. ಅವು ಎಲ್ಲಿವೆ ಎಂದು ಬಲ್ಲ ಹಿರಿಯರನ್ನು ಕರೆದುಕೊಂಡು, ಮಕ್ಕಳ ಕೈಗೆ ಸಾಧನ ಕೊಟ್ಟು, ಒಂದು ಭಾನುವಾರ ಹೊರಡಿ. ಹಿರಿಯರು ಜಾಗ ತೋರಿಸಲಿ, ಮಕ್ಕಳು ಅಂಕಿ ಹಾಕಲಿ.